ಗಣಿಗುಂಡಿಯ ದಂಡೆಯ ಕಣ

ಜೋಳ ಹಸನು ಮಾಡುವಾಗ ಎಲ್ಲ ಹೆಂಗಸರೂ ಮೊರದ ಕಡೆ ನೋಡುತ್ತಾರೆ. ದುರ್ಗಕ್ಕ ನೋಡುವುದಿಲ್ಲ. ಆಕೆ ನಿಮ್ಮ ಮುಖ ನೋಡಿಕೊಂಡೇ ಮಾತಾಡುತ್ತಿರುತ್ತಾಳೆ. ಮಗಳ ಬಾಣಂತನ ಹೇಗಾಯಿತು, ಎಮ್ಮೆ ಮತ್ತೆ ಗಬ್ಬವಾಯಿತೇ ಎಂದು ವಿಚಾರಿಸುತ್ತಿರುತ್ತಾಳೆ. ಬೆರಳುಗಳು ತಮ್ಮ ಪಾಡಿಗೆ ತಾವು ಕಾಳಿನ ನಡುವೆ ಓಡಾಡಿ, ಹರಳು ಎತ್ತಿ ಪಕ್ಕಕ್ಕೆ ಹಾಕುತ್ತಿರುತ್ತವೆ. ಮಾತು ಮುಗಿಯುವುದಕ್ಕೂ ಮೊರ ಹಸನಾಗುವುದಕ್ಕೂ ಸರಿಹೋಗುತ್ತದೆ. ಆ ಜೋಳದ ರೊಟ್ಟಿ ತಿಂದವರ ಹಲ್ಲಿಗೆ ಇದುವರೆಗೆ ಹರಳು ಸಿಕ್ಕಿದ್ದಿಲ್ಲ.

ಆ ಕೈಯನ್ನು ಪಳಗಿಸಿದ್ದು ಗಣಿ.

ದುರ್ಗಕ್ಕ ಹುಟ್ಟಿದ್ದು ಸಂಡೂರು ತಾಲ್ಲೂಕಿನ ಚೋರನೂರಿನಲ್ಲಿ. ಮಳೆ ನಂಬಿದ ಹೊಲ, ಸಜ್ಜೆ, ಶೇಂಗಾ. ಮದುವೆಯಾಗಿ ಬಂದದ್ದು ಹೊಸಪೇಟೆಗೂ ಸಂಡೂರಿಗೂ ನಡುವೆ ಗುಡ್ಡದ ಮೇಲಿದ್ದ ಒಂದು ಗಣಿಯ ಕ್ಯಾಂಪಿಗೆ. ಗಂಡ ಮೂಕಣ್ಣ ಅಲ್ಲಿ ಬಂಡೆಗೆ ಡ್ರಿಲ್ ಹೊಡೆಯುತ್ತಿದ್ದ. ಹೆಸರಿಗೆ ಮೂಕಣ್ಣ, ಮಾತಿಗೆ ಕೂತರೆ ಊಟ ಮರೆಯುವವನು. ಮೊದಮೊದಲು ಸೈರನ್ ಕೂಗಿ ಮದ್ದು ಹಾರಿದಾಗಲೆಲ್ಲ ಹೊಸ ಮದುಮಗಳು ಒಲೆಯ ಮುಂದೆ ಕಿವಿ ಮುಚ್ಚಿಕೊಂಡು ಕೂತುಬಿಡುತ್ತಿದ್ದಳು. ಬರುಬರುತ್ತ ಸೈರನ್ ಕೂಗಿತೆಂದರೆ ಅನ್ನಕ್ಕೆ ಇಡುವ ಹೊತ್ತಾಯಿತು ಅನ್ನುವಷ್ಟು ರೂಢಿಯಾಯಿತು.

ಮದ್ದಿಗೆ ಸಿಡಿದ ಕಲ್ಲನ್ನೆಲ್ಲ ಗುಂಡಿಯ ದಂಡೆಯ ಮೇಲಿದ್ದ ಒಂದು ಮಟ್ಟಸವಾದ ಜಾಗಕ್ಕೆ ತಂದು ಸುರಿಯುತ್ತಿದ್ದರು. ಹೆಂಗಸರು ಸಾಲಾಗಿ ಕೂತು ಸುತ್ತಿಗೆಯಲ್ಲಿ ಒಡೆದು, ಅದಿರು ಬೇರೆ, ಬರಿ ಕಲ್ಲು ಬೇರೆ ಮಾಡಬೇಕು. ಹೊಲದಲ್ಲಿ ರಾಶಿ ಮಾಡುವ ಕಣದ ಹಾಗಿದ್ದುದರಿಂದ ಆ ಜಾಗಕ್ಕೂ ಕಣ ಎಂದೇ ಹೆಸರಾಯಿತು. ಗಣಿಯಲ್ಲಿ ಎಲ್ಲವೂ ಕೆಂಪು. ಅದಿರು ಕೆಂಪು, ಕಲ್ಲು ಕೆಂಪು, ಮೂಗಿನ ನತ್ತೂ ಕೆಂಪು. ಕಣ್ಣನ್ನು ನಂಬಿದವಳು ಕೆಟ್ಟಳು. ಎತ್ತಿದ ಕೂಡಲೇ ಅಂಗೈಯನ್ನು ಕೆಳಕ್ಕೆ ಜಗ್ಗಿದರೆ ಅದು ಅದಿರು. ಜಗ್ಗದಿದ್ದರೆ ಕಲ್ಲು, ದಂಡೆಯಾಚೆ ಎಸೆ. ಕಣದ ಹಿರಿಯ ಹೆಂಗಸೊಬ್ಬಳು ಮೊದಲ ದಿನವೇ ಹೇಳಿಕೊಟ್ಟಿದ್ದಳು, "ಕೈ ದಾಟದ ಕಲ್ಲು ದಂಡಿ ದಾಟಬಾರದವ್ವ. ಒಂದು ಸಲ ಆಕಡೆ ಉರುಳಿತಂದ್ರ ಯಾರ ಅಪ್ಪಗೂ ಸಿಗಂಗಿಲ್ಲ."

ಆ ಮಾತನ್ನು ದುರ್ಗಕ್ಕ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಳು.

ಕಣದಿಂದ ಇನ್ನೆರಡು ಪಾಠಗಳನ್ನೂ ಕಲಿತಳು. ಮುಂದೆ ತೊಂದರೆ ತಂದವು ಅವೇ ಆದ್ದರಿಂದ ಇಲ್ಲೇ ಹೇಳಿಬಿಡಬೇಕು. ಗಣಿಯಲ್ಲಿ ವರ್ಷಕ್ಕೊಮ್ಮೆ ಸುರಕ್ಷತಾ ಸಪ್ತಾಹ ನಡೆಯುತ್ತಿತ್ತು. ಬೇರೆ ಬೇರೆ ಕಡೆಯಿಂದ ಅಧಿಕಾರಿಗಳು ಬಂದು ಗಣಿ ನೋಡುತ್ತಿದ್ದರು, ಚೆನ್ನಾಗಿರುವ ಗಣಿಗೆ ಬಹುಮಾನ. ಅವರು ಬರುವ ಮುಂಚೆ ರಸ್ತೆಯ ಎರಡೂ ಕಡೆಯ ಕಲ್ಲಿಗೆ ಸುಣ್ಣ ಬಳಿಯಬೇಕು, ಮಾವಿನ ತೋರಣ ಕಟ್ಟಬೇಕು, ಕಣ ಗುಡಿಸಿ ರಂಗೋಲಿ ಹಾಕಬೇಕು, ಒಡೆದ ರಾಶಿಯನ್ನೆಲ್ಲ ಕಣ್ಣಿಗೆ ಬೀಳದಂತೆ ಸಾಗಿಸಬೇಕು. ದೊಡ್ಡವರಿಗೆ ಕೆಲಸ ತೋರಿಸುವುದೆಂದರೆ ಕೆಲಸ ಕಾಣದ ಹಾಗೆ ಮಾಡುವುದು, ಇದು ಒಂದು ಪಾಠ. ಇನ್ನೊಂದು, ಅಧಿಕಾರಿ ಏನಾದರೂ ಕೇಳಿದರೆ "ಏನಿಲ್ಲರಿ" ಅನ್ನಬೇಕು. ಕೂಲಿ ಹೆಂಗಸರಲ್ಲಿ ಅರ್ಧ ಮಂದಿಯ ಹೆಸರು ಹಾಜರಿ ಪಟ್ಟಿಯಲ್ಲಿರುತ್ತಿರಲಿಲ್ಲ. ಬಾಯಿ ಬಿಟ್ಟವಳನ್ನು ಮರುದಿನ ಗುತ್ತಿಗೆದಾರ ಮನೆಗೆ ಕಳಿಸುತ್ತಿದ್ದ.

ಆಮೇಲೆ ಕೋರ್ಟಿನ ಆದೇಶ ಬಂದು ಗಣಿಗಳೆಲ್ಲ ನಿಂತವು. ಕೆಲವು ಮತ್ತೆ ಶುರುವಾದವು, ಇದು ಆಗಲಿಲ್ಲ. ಲಾರಿಗಳು ಹೋದವು, ಕ್ಯಾಂಪು ಬರಿದಾಯಿತು. ಎದೆಯಲ್ಲಿ ಧೂಳು ಕೂತು ಸೊರಗಿದ್ದ ಮೂಕಣ್ಣನೂ ಹೋದ. ಉಳಿದದ್ದು ದೊಡ್ಡದೊಂದು ಗುಂಡಿ. ರಾಕ್ಷಸರು ಕಡಿದಿಟ್ಟ ಮೆಟ್ಟಿಲುಗಳ ಹಾಗೆ ಅಂಚಿನಿಂದ ತಳದವರೆಗೆ ಬೆಂಚುಗಳು, ತಳದಲ್ಲಿ ಕುಂಕುಮ ಕದಡಿದಂಥ ಮಳೆನೀರು. ಗಣಿಯವರು ಆ ಒಂದೊಂದು ಮೆಟ್ಟಿಲಿಗೂ ಬೆಂಚು ಅನ್ನುತ್ತಿದ್ದರು. ದಂಡೆಯ ಮೇಲಿನ ಕಣದಲ್ಲಿ ಕಾರೆಗಿಡ ಬೆಳೆಯಿತು.

ಕಣಕ್ಕೆ ಮತ್ತೆ ಮನುಷ್ಯರು ಬಂದದ್ದು ಪಟ್ಟಣದ ಕಸದ ಜೊತೆ. ಮಟ್ಟಸವಾದ ಜಾಗ, ಮನೆಗಳಿಲ್ಲ, ರಸ್ತೆ ಇದೆ ಎಂದು ಅಲ್ಲಿ ಕಸ ಸುರಿಯಲು ಶುರು ಮಾಡಿದರು. ಹಿಂದೆಯೇ ಹೊಟ್ಟೆಪಾಡಿಗಾಗಿ ನಾಲ್ಕಾರು ಹೆಂಗಸರು ಬಂದರು. ಅವರಲ್ಲಿ ದುರ್ಗಕ್ಕ ಒಬ್ಬಳು, ಕಣದಲ್ಲಿ ಆಕೆಯ ಪಕ್ಕ ಕೂರುತ್ತಿದ್ದ ಹುಲಿಗೆಮ್ಮ ಒಬ್ಬಳು. ಮೊದಲು ಕೋಳಿ ಕೆದರಿದ ಹಾಗೆ ಒಬ್ಬೊಬ್ಬರು ಒಂದೊಂದು ಕಡೆ ಕೆದರುತ್ತಿದ್ದರು; ಒಂದು ಬಾಟಲಿಗೆ ಇಬ್ಬರ ಜಗಳ. ದುರ್ಗಕ್ಕ ಒಂದು ದಿನ ಎಲ್ಲರನ್ನೂ ಕರೆದು ಸಾಲಾಗಿ ಕೂರಿಸಿದಳು. ಕಾರೆಗಿಡ ಕಡಿಸಿದಳು. ಟಿಪ್ಪರು ಕಣದಲ್ಲೇ ಸುರಿಯಬೇಕು, ಒಬ್ಬಳ ಪಾಲಿಗೆ ಅರಿವೆ, ಒಬ್ಬಳ ಪಾಲಿಗೆ ಗಾಜು, ಒಬ್ಬಳ ಪಾಲಿಗೆ ಪ್ಲಾಸ್ಟಿಕ್, ಒಬ್ಬಳ ಪಾಲಿಗೆ ತಗಡು. ಮಾರಿ ಬಂದದ್ದು ಎಲ್ಲರಿಗೂ ಸಮ. ಕೊಳ್ಳುವವರಿಲ್ಲದ ಸಿಪ್ಪೆ, ಮಣ್ಣುಮಸಿ ಮಾತ್ರ ಹಿಂದಿನ ಗುಡ್ಡೆಗೆ.

"ಅವಾಗ ಕೆಂಪು ಧೂಳು, ಈಗ ನೊಣ," ಎಂದಳು ಹುಲಿಗೆಮ್ಮ. "ನಮ್ಮ ಹಣೆಬರಹಾನೂ ಆರಿಸಾಕ ಬರ್ತಿದ್ರ ಚಲೋ ಇತ್ತಕ್ಕಾ."

"ಅದನ್ನೂ ತಂದು ಇಲ್ಲೇ ಸುರುವು. ನೋಡೋಣಂತ," ಎಂದಳು ದುರ್ಗಕ್ಕ.

ಹೀಗೆ ವರ್ಷಗಳು ಕಳೆದವು. ಕಸದ ಕಣಕ್ಕೆ ಯಾರ್ಡು ಎಂದು ಹೆಸರಾಗಿ, ಅಲ್ಲಿಗೆ ಹೊನ್ನೂರುಸ್ವಾಮಿ ಎಂಬ ಮೇಸ್ತ್ರಿ ಬಂದ. ಒಳ್ಳೆಯ ಮನುಷ್ಯ, ಆದರೆ ಜೀಪಿನ ಸದ್ದು ಕೇಳಿದರೆ ಅಂಗಿಯ ಗುಂಡಿ ತಡಕುವವನು. ಹಿಂದಿನ ಗುಡ್ಡೆ ಬೆಳೆದು ಬೆಳೆದು ಇನ್ನು ಜಾಗವಿಲ್ಲ ಅನ್ನುವಷ್ಟಾದಾಗ, ಪಕ್ಕದ ಗಣಿಗುಂಡಿಗೇ ಯಾರ್ಡನ್ನು ವಿಸ್ತರಿಸುವ ಯೋಜನೆ ಎದ್ದಿತು. ಸುದ್ದಿ ತಂದವನು ಅವನೇ.

"ದುರ್ಗಕ್ಕಾ, ಇಂಜಿನಿಯರ್ ಮೇಡಂ ಬರ್ತಾರಂತ. ಗುಂಡಿ ನೋಡ್ತಾರ, ಕಸದ ಸ್ಯಾಂಪಲ್ ತಗೋತಾರ. ಕಸದಾಗ ಏನೇನ್ ಐತಿ ನೋಡಿನ ಪ್ಲಾನ್ ಮಾಡ್ತಾರಂತ. ಒಂದಿಷ್ಟು ನೀಟ್ ಇರಲಿ ಮತ್ತ."

"ಸಪ್ತಾಹ ಇದ್ದಂಗ ಅನ್ನು."

"ಹಂಗ ಅನ್ಕೋ."

ಅಷ್ಟು ಸಾಕಾಯಿತು. ಗಣಿಯ ಹೆಂಗಸರ ಮೈಯಲ್ಲಿ ಹಳೆಯ ಸೈರನ್ ಕೂಗಿತು. ದುರ್ಗಕ್ಕ ಸುಣ್ಣ ಕಲೆಸಿದಳು. ಕಣದ ಅಂಚಿನ ಕಲ್ಲುಗಳೆಲ್ಲ ಹಲ್ಲುಜ್ಜಿದ ಹಾಗೆ ಬೆಳ್ಳಗಾದವು. ತೋರಣ ಕಟ್ಟಿದರು. ಬಂದ ಕಸವನ್ನು ಬಂದ ಹಾಗೇ ಕೂತು ಆರಿಸಿದರು, ಆರಿಸಿದ್ದನ್ನೇ ಇನ್ನೊಮ್ಮೆ ಆರಿಸಿದರು. ಒಂದು ಬಾಟಲಿ, ಒಂದು ಹಾಲಿನ ಕವರು ಬಿಡಲಿಲ್ಲ. ಸಿಪ್ಪೆ, ಎಂಜಲನ್ನೆಲ್ಲ ಹಿಂದಿನ ಗುಡ್ಡೆಗೆ ಸಾಗಿಸಿದರು. ತುಂಬಿದ ಗೋಣಿಚೀಲಗಳು ಎದುರಿಗಿದ್ದರೆ ಅಸಹ್ಯ ಎಂದು, ಹಿಂದೆ ಗಣಿಯವರು ಸಿಡಿಮದ್ದು ಇಡುತ್ತಿದ್ದ ಮದ್ದಿನ ಮನೆಯೊಳಗೆ ಒಟ್ಟಿ ಕದ ಎಳೆದರು. ಕಣದಲ್ಲಿ ಉಳಿದದ್ದು ಹುಡಿಮಣ್ಣಿನಂಥ ರಾಶಿ. ಅದನ್ನೂ ಸುಗ್ಗಿಯ ರಾಶಿಯಂತೆ ಕೈಯಲ್ಲಿ ಸವರಿ ಗೋಪುರ ಮಾಡಿದರು.

ಬಂದವಳು ಅರ್ಚಿತಾ ಎಂಬ ಚಿಕ್ಕ ವಯಸ್ಸಿನ ಇಂಜಿನಿಯರು. ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಬಿಸಿಲಿಗೆ ಅಂಜುವವಳಲ್ಲ. ಗುಂಡಿಯ ಬೆಂಚುಗಳನ್ನು ಇಳಿದು ತಳದ ನೀರಿನವರೆಗೂ ಹೋಗಿ ಬಂದಳು. ತಾಡಪತ್ರಿ ಹಾಸಿ, ರಾಶಿಯಲ್ಲಿ ಅಲ್ಲಲ್ಲಿ ತೆಗೆದು ಹರವಿ, ತಾನೇ ಕೂತು ಬೇರೆ ಮಾಡಿ ತೂಗಿಸಿದಳು. ಹೆಂಗಸರು ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಟ್ಟರೆ ಬೇಡ ಅನ್ನದೆ ಅಲ್ಲೇ ಸುಣ್ಣದ ಕಲ್ಲಿನ ಮೇಲೆ ಕೂತು ತಿಂದಳು.

"ಇಷ್ಟು ಚೊಕ್ಕ ಇರೋ ಯಾರ್ಡು ನಾನು ನೋಡೇ ಇಲ್ಲ," ಎಂದಳು. ಆಮೇಲೆ ಕೇಳಿದಳು, "ನೀವೆಲ್ಲ ಇಲ್ಲಿ ಏನು ಕೆಲಸ ಮಾಡ್ತೀರಮ್ಮ?"

ದುರ್ಗಕ್ಕ ಸೆರಗು ಸರಿಮಾಡಿಕೊಂಡು, "ಏನಿಲ್ಲರಿ ಮೇಡಮ್ಮಾರ," ಎಂದಳು. "ಹಿಂಗ ಕಸಾ ಹೊಡಕೊಂಡು ಇರ್ತೀವಿ."

ಅರ್ಚಿತಾ ತಲೆಯಾಡಿಸಿ ಹೋದಳು. ಅಂದು ಹೆಂಗಸರೆಲ್ಲ ಬಹುಮಾನ ಬಂದವರ ಹಾಗೆ ಮನೆಗೆ ನಡೆದರು.

ನಕ್ಷೆಯ ಕರಡು ಬಂದಾಗ ಹೊನ್ನೂರುಸ್ವಾಮಿ ಅದನ್ನು ತನ್ನ ಬೈಕಿನ ಸೀಟಿನ ಮೇಲೆ ಹರವಿ, ಗಾಳಿಗೆ ಹಾರದಂತೆ ಎರಡು ಕಡೆ ಅದಿರಿನ ಕಲ್ಲಿಟ್ಟ. ಬೆರಳಿಟ್ಟು ತೋರಿಸುತ್ತ ಹೋದ. ತಳದ ನೀರು ಎತ್ತಿ ಹಾಕುತ್ತಾರೆ. ತಳಕ್ಕೆ ಜೇಡಿಮಣ್ಣು ಬಡಿದು, ಅದರ ಮೇಲೆ ದಪ್ಪ ಕರಿಹಾಳೆ, ಹಾಳೆಯ ಮೇಲೆ ಕೊಳವೆ. ಕಸದಿಂದ ಸೋರುವ ನೀರು ನೆಲಕ್ಕೆ ಇಳಿಯಬಾರದಂತೆ. ಹಳೆಯ ಗಣಿ ರಸ್ತೆಯಲ್ಲಿ ಟಿಪ್ಪರು ನೇರವಾಗಿ ಬಂದು ದಂಡೆಯ ಮೇಲೆ ತಿರುಗಿ, ಹಿಂದಕ್ಕೆ ಹೋಗಿ, ಗುಂಡಿಗೆ ಸುರಿಯುತ್ತದೆ.

"ಎಲ್ಲಿ ತಿರುಗ್ತದ?" ಎಂದಳು ದುರ್ಗಕ್ಕ.

ಹೊನ್ನೂರುಸ್ವಾಮಿ ಬೆರಳಿಟ್ಟ ಜಾಗ ಅವರು ನಿಂತಿದ್ದ ಜಾಗವೇ.

"ಮತ್ತ ಕಣ?"

ಅವನು ತಡವರಿಸಿದ. "ಕಣ ಇಲ್ಲಕ್ಕ. ಆರಿಸೋ ಶೆಡ್ ಬೇಕೇನು ಅಂತ ವಿಚಾರ ಇತ್ತಂತ. ಸ್ಯಾಂಪಲ್ ನೋಡಿದ್ರ, ಆರಿಸುವಂಥಾದ್ದು ಏನೂ ಇಲ್ಲ ಅಂತ ಬಂತಂತ. ಬರೀ ಮಣ್ಣು. ಆರಿಸೋರೂ ಯಾರಿಲ್ಲ ಅಂತ. ಅದಕ್ಕ ಶೆಡ್ ಬಿಟ್ಟಾರ."

ಹುಲಿಗೆಮ್ಮ ಬೆಳ್ಳನೆಯ ಕಲ್ಲುಗಳ ಕಡೆ ತಿರುಗಿ, "ಕಲ್ಲಿಗೆ ಸುಣ್ಣ ಅನ್ಕೊಂಡು ನಮ್ಮ ಹಣಿಗೇ ನಾಮ ಬಳಕೊಂಡ್ವಿ ನೋಡು," ಎಂದಳು.

ಟಿಪ್ಪರು ಸೀದಾ ಗುಂಡಿಗೆ ಸುರಿದರೆ ಆರಿಸುವುದು ಎಲ್ಲಿಂದ ಬಂತು? ಈ ವಯಸ್ಸಿನಲ್ಲಿ ಅವರಿಗೆ ಬೇರೆ ಕೆಲಸ ಕೊಡುವವರು ಯಾರು? ಹೆಂಗಸರು ತಲೆಗೊಂದು ಮಾತಾಡಿದರು. ಆಫೀಸಿನ ಮುಂದೆ ಕೂತು ಕೂಗೋಣ ಎಂದಳು ಒಬ್ಬಳು. ಆ ಹುಡುಗಿ ನಮ್ಮ ಮಿರ್ಚಿ ತಿಂದು ನಮಗೇ ಖಾರ ಹಚ್ಚಿದಳು ಎಂದಳು ಇನ್ನೊಬ್ಬಳು.

ದುರ್ಗಕ್ಕ ಕೇಳಿಸಿಕೊಳ್ಳುವಷ್ಟು ಕೇಳಿಸಿಕೊಂಡಳು. ಕಸದ ಚೀಲಗಳನ್ನು ಮದ್ದಿನ ಮನೆಗೆ ಸಾಗಿಸಲು ಹೇಳಿದವಳು ತಾನೇ. ಏನಿಲ್ಲರಿ ಅಂದವಳೂ ತಾನೇ.

"ಆಕಿ ಸುಳ್ಳು ಬರದಿಲ್ಲ," ಎಂದಳು. "ನಾವು ತೋರಿಸಿದ್ದು ಬರದಾಳ. ತೋರಿಸಿದ್ದು ತಪ್ಪಾತು. ನಾಳಿ ಹೋಗಿ ಹೇಳ್ತೀನಿ."

ಮರುದಿನ ಬೆಳಿಗ್ಗೆ ಸಂಡೂರಿನಿಂದ ಬರುವ ಬಸ್ಸು ಹತ್ತಿ ಹೊಸಪೇಟೆಗೆ ಹೊರಟಳು. ಹುಲಿಗೆಮ್ಮ ಜೊತೆಗೆ ಬಂದಳು, ಬಾಯಿ ಸುಮ್ಮನಿರಲಿಲ್ಲ.

"ಏನಂತ ಹೇಳ್ತೀ ಅಕ್ಕಾ?"

"ಇದ್ದದ್ದು ಹೇಳ್ತೀನಿ."

"ಇದ್ದದ್ದು ಇದ್ದಂಗ ಹೇಳಿದ್ರ ಎದ್ದು ಬಂದು ಎದಿಗೆ ಒದ್ದರಂತ."

"ಒದ್ರ ಹಿಡಕೊಳ್ಳಾಕ ನೀ ಅದೀಯಲ್ಲ. ಅದಕ್ಕ ಕರಕೊಂಡು ಬಂದೀನಿ."

ಆಫೀಸಿನಲ್ಲಿ ಅರ್ಚಿತಾ ಅವರನ್ನು ಗುರುತು ಹಿಡಿದು ಕುರ್ಚಿ ತೋರಿಸಿದಳು. ದುರ್ಗಕ್ಕ ಕೂರಲಿಲ್ಲ. ನಿಂತೇ, ಮೊದಲಿಂದ ಕೊನೆಯವರೆಗೆ, ಒಂದೂ ಬಿಡದೆ ಹೇಳಿದಳು. ಸಪ್ತಾಹ, ಸುಣ್ಣ, ಎರಡು ಸಲ ಆರಿಸಿದ್ದು, ಮದ್ದಿನ ಮನೆಯ ಚೀಲಗಳು, ಏನಿಲ್ಲರಿ ಅಂದದ್ದು.

"ದೊಡ್ಡೋರು ಬರ್ತಾರಂದ್ರ ಹಂಗ ಮಾಡೋದು ನಮಗ ರೂಢಿ ಆಗೇತ್ರಿ. ನೀವು ನೋಡಿದ್ದು ಕಸ ಅಲ್ಲ, ನಾವು ಆರಿಸಿ ಉಳಿದ ಮಣ್ಣು."

ಅರ್ಚಿತಾ ಪೆನ್ನು ಕೆಳಗಿಟ್ಟಳು. "ನನಗೂ ಅವತ್ತು ಅನುಮಾನ ಬಂದಿತ್ತಮ್ಮ," ಎಂದಳು. "ಎಲ್ಲಾ ಊರಿನ ಕಸದಲ್ಲೂ ಪ್ಲಾಸ್ಟಿಕ್ ಇರುತ್ತೆ, ಇಲ್ಲಿ ಯಾಕಿಲ್ಲ ಅಂತ. ಅಷ್ಟು ಚೊಕ್ಕ ಇತ್ತು, ಖುಷಿಯಾಗಿ ಇನ್ನೊಂದು ಮಾತು ಕೇಳದೆ ಬಂದುಬಿಟ್ಟೆ. ಅದು ನನ್ನ ಕಡೆಯಿಂದ ಆಗಿದ್ದು."

"ಮತ್ತ ಈಗ ಬದಲ ಮಾಡಾಕ ಬರ್ತೈತೇನ್ರಿ?"

"ಬಾಯಿಮಾತಿನ ಮೇಲೆ ಬರಲ್ಲ. ಮತ್ತೆ ಸ್ಯಾಂಪಲ್ ತಗೋಬೇಕು. ಅಮಾವಾಸ್ಯೆ ಹೊತ್ತಿಗೆ ನಕ್ಷೆ ಮೇಲಕ್ಕೆ ಹೋಗುತ್ತೆ, ಅದರೊಳಗೆ ಒಂದು ದಿನ ಬರ್ತೀನಿ. ಯಾವ ದಿನ ಅಂತ ನಿಮಗೂ ಹೇಳಲ್ಲ, ಮೇಸ್ತ್ರಿಗೂ ಹೇಳಲ್ಲ. ಹೇಳಿದರೆ ನೀವು ಮತ್ತೆ ಸುಣ್ಣ ಹಚ್ತೀರಿ." ಅವಳು ನಕ್ಕಳು, ಆದರೆ ಮುಂದಿನ ಮಾತಿಗೆ ನಗಲಿಲ್ಲ. "ಅಲ್ಲೀತನಕ ಬಂದ ಕಸ ಬಂದ ಹಾಗೇ ಇರಬೇಕು. ಒಬ್ಬರು ಕೈ ಹಚ್ಚಿದರೂ ಲೆಕ್ಕ ಕೆಡುತ್ತೆ. ಕೆಟ್ಟರೆ ಮತ್ತೆ ಕೇಳೋಕೆ ನನಗೆ ಮುಖ ಇರಲ್ಲ."

ಕೆಲಸ ಮಾಡು ಎಂದಿದ್ದರೆ ದುರ್ಗಕ್ಕ ಗುಡ್ಡವನ್ನಾದರೂ ಆರಿಸುತ್ತಿದ್ದಳು. ಕೆಲಸ ಮಾಡಬೇಡ ಎಂದದ್ದು ಕಷ್ಟವಾಯಿತು.

ಟಿಪ್ಪರುಗಳು ಬಂದು ಕಣದಲ್ಲಿ ಸುರಿದು ಹೋದವು. ರಾಶಿ ಬೆಳೆಯಿತು, ನಾತ ಬೆಳೆಯಿತು. ಹೆಂಗಸರು ದೂರದಲ್ಲಿ ಬೇವಿನ ನೆರಳಿಗೆ ಕೂತು ಎಲೆ ಅಡಿಕೆ ಹಾಕಿಕೊಂಡು, ರಸ್ತೆಯ ಕಡೆ ನೋಡಿ ನೋಡಿ ಕಣ್ಣು ಸೋತರು. ಮನೆಯಲ್ಲಿ ಹಿಟ್ಟಿನ ಡಬ್ಬಿ ತಳ ಕಾಣುತ್ತಿದ್ದವರು ಗೊಣಗಿದರು. ಮದ್ದಿನ ಮನೆಯ ಚೀಲಗಳನ್ನು ಮಾರಿ, ಬಂದದ್ದನ್ನು ಮೊದಲು ಅಂಥವರಿಗೇ ಹಂಚಿದಳು ದುರ್ಗಕ್ಕ. ತನ್ನ ಪಾಲು ಕೇಳಲಿಲ್ಲ.

ಊರ ದನಗಳು ಸುದ್ದಿ ತಿಳಿದವರಂತೆ ಬಂದವು. ಕವರಿನೊಳಗಿನ ಅನ್ನಕ್ಕೆ ಬಾಯಿ ಹಾಕಿ ಕವರನ್ನೂ ನುಂಗುವ ಮೂಕ ಪ್ರಾಣಿಗಳು. ಬೇರೆ ದಿನಗಳಲ್ಲಾದರೆ ಅನ್ನವನ್ನು ಬಿಡಿಸಿ ಒಂದು ಕಡೆ ಹಾಕುತ್ತಿದ್ದಳು. ಈಗ ಹಾಗಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಕೋಲು ಹಿಡಿದು ರಾಶಿಯ ಸುತ್ತ ತಿರುಗಿದಳು.

"ಜೀವಮಾನದಾಗ ಕಸಾ ಕಾಯೋರನ್ನ ನೋಡಿದ್ದಿಲ್ಲ," ಎಂದಳು ಹುಲಿಗೆಮ್ಮ. "ಬಂಗಾರದಂಗಡಿ ಮುಂದೂ ಇಷ್ಟು ಕಾವಲಿರಂಗಿಲ್ಲ."

ಹಾಗೆ ಅಂದವಳೇ ಒಂದು ಮಧ್ಯಾಹ್ನ ರಾಶಿಯ ಬದಿಯಲ್ಲಿ ನಿಧಾನವಾಗಿ ನಡೆಯುತ್ತಿದ್ದಳು. ಹಳೆ ಬಟ್ಟೆಯ ಮಡಿಕೆಯಿಂದ ಹಿತ್ತಾಳೆ ಚೊಂಬಿನ ಕಂಠ ಮಿನುಗುತ್ತಿತ್ತು. ಹುಲಿಗೆಮ್ಮನ ಕಾಲಿನ ಹೆಬ್ಬೆರಳು ಅತ್ತ ಚಾಚಿತು.

"ಹುಲಿಗೀ."

ದುರ್ಗಕ್ಕ ಅಷ್ಟೇ ಅಂದದ್ದು. ಹೆಬ್ಬೆರಳು ಹಿಂದೆ ಬಂತು.

"ನೋಡಿದೆ ಅಷ್ಟ ಅಕ್ಕಾ. ನೋಡಾಕೂ ಕಂದಾಯ ಐತೇನು?"

"ನೋಡು. ಕಣ್ಣಿಗೆ ಕೈ ಇಲ್ಲಲ್ಲ."

ಹುಲಿಗೆಮ್ಮನನ್ನು ತಡೆದಳು, ತನ್ನನ್ನು ತಡೆದುಕೊಳ್ಳುವುದೇ ಕಷ್ಟವಾಯಿತು. ಎದುರಿಗೆ ರಾಶಿ ಬಿದ್ದಿದೆ, ಗಾಜು ಅರಿವೆಯೊಳಗೆ ಸೇರಿದೆ, ತಂತಿ ತೊಗಟೆಯೊಳಗೆ ಸೇರಿದೆ. ಬೆರಳುಗಳು ತಾವಾಗಿ ಎದ್ದು ಹೋಗುತ್ತವೆ. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿ ಕೂತು ನೋಡಿದಳು. ಆಗಲಿಲ್ಲ. ಕೊನೆಗೆ ರಾಶಿಗೆ ಬೆನ್ನು ಮಾಡಿ, ಗುಂಡಿಯ ದಂಡೆಯಲ್ಲಿ ಕೂತು, ನೆಲದಲ್ಲಿ ಬಿದ್ದಿದ್ದ ಕೆಂಪು ಕಲ್ಲುಗಳನ್ನು ಎತ್ತಿ ಎತ್ತಿ ಆರಿಸತೊಡಗಿದಳು. ಅದಿರು ಬಲಕ್ಕೆ, ಬರಿ ಕಲ್ಲು ಎಡಕ್ಕೆ. ಕೊಳ್ಳುವವರಿಲ್ಲ, ಕೇಳುವವರಿಲ್ಲ. ಎದುರಿಗೆ ಮೂಕಣ್ಣ ಡ್ರಿಲ್ ಹೊಡೆದ ಬೆಂಚು ಬಿಸಿಲಿಗೆ ಹೊಳೆಯುತ್ತಿತ್ತು.

ಅರ್ಚಿತಾ ಬಂದದ್ದು ಆಗ. ಜೀಪಿನಲ್ಲಲ್ಲ, ಎಲ್ಲರ ಹಾಗೆ ಬಸ್ಸಿಳಿದು, ಛತ್ರಿ ಹಿಡಿದು ನಡೆದು ಬಂದಿದ್ದಳು. ಹೊನ್ನೂರುಸ್ವಾಮಿಗೆ ಅಂಗಿಯ ಗುಂಡಿ ತಡಕಲೂ ಪುರಸೊತ್ತು ಸಿಗಲಿಲ್ಲ.

"ಇದೇನು ಮಾಡ್ತಿದ್ದೀರಮ್ಮ?"

ದುರ್ಗಕ್ಕ ಬೆಚ್ಚಿ ತಿರುಗಿದಳು. "ಕಸಕ್ಕ ಕೈ ಹಚ್ಚಿಲ್ಲರಿ. ಕೈ ಸುಮ್ಮನ ಕುಂದ್ರವಲ್ಲವು, ಅದಕ್ಕ ಕಲ್ಲು ಕೊಟ್ಟೀನಿ."

ಅರ್ಚಿತಾ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಒಂದು ಕಲ್ಲನ್ನು ಎತ್ತಿಕೊಂಡಳು, ಇನ್ನೊಂದನ್ನು ಎತ್ತಿಕೊಂಡಳು. ಎರಡೂ ಒಂದೇ ಕೆಂಪು. ಸ್ವಲ್ಪ ಹೊತ್ತು ಅಂಗೈಯಲ್ಲಿ ಆಡಿಸಿ, ಒಂದನ್ನು ಬಲಗಡೆಗೆ, ಒಂದನ್ನು ಎಡಗಡೆಗೆ ಇಟ್ಟು ದುರ್ಗಕ್ಕನ ಮುಖ ನೋಡಿದಳು.

"ಸರಿ ಐತ್ರಿ," ಎಂದಳು ದುರ್ಗಕ್ಕ. "ಕಣದಾಗ ಕುಂದ್ರಬಹುದು ನೀವು."

ಆಮೇಲೆ ತಾಡಪತ್ರಿ ಹಾಸಿದರು. ಈ ಸಲ ಬಂದದ್ದು ಬರೀ ಮಣ್ಣಲ್ಲ. ಊರಿಗೆ ಊರೇ ಬಂದು ಹರಡಿಕೊಂಡಂತಾಯಿತು: ಕಲ್ಯಾಣಮಂಟಪದ ಬಾಳೆಲೆ, ಹೋಟೆಲಿನ ತರಕಾರಿ ಸಿಪ್ಪೆ, ಹಾಲಿನ ಕವರು, ಚಪ್ಪಲಿ, ಒಡೆದ ಬಳೆ, ಎಣ್ಣೆಯ ಡಬ್ಬಿ. ಸ್ಯಾಂಪಲ್ ತೂಗಿ ಮುಗಿದ ಮೇಲೆ ಅರ್ಚಿತಾ ಹೆಂಗಸರಿಗೆ ಕೂರಲು ಹೇಳಿದಳು. ಇಷ್ಟು ದಿನ ಕಟ್ಟಿಹಾಕಿದ್ದ ಕೈಗಳು ಬಿಟ್ಟ ಕರುಗಳ ಹಾಗೆ ರಾಶಿಗೆ ನುಗ್ಗಿದವು. ಮೊದಲು ಹೊರಬಂದದ್ದು ಹಿತ್ತಾಳೆ ಚೊಂಬು. ಅದನ್ನು ಮಾತಿಲ್ಲದೆ ಹುಲಿಗೆಮ್ಮನ ಮಡಿಲಿಗೆ ಹಾಕಿದರು.

ನೋಡುತ್ತ ನಿಂತಿದ್ದ ಅರ್ಚಿತಾ ಒಂದು ಕಡೆ ತಡೆದಳು. "ಅಮ್ಮಾ, ನೀವು ಒಣಗಿದ್ದೆಲ್ಲ ಆರಿಸಿ, ಹಸಿ ಕಸವನ್ನ ಮಣ್ಣಿನ ಜೊತೆ ಹಿಂದಕ್ಕೆ ಹಾಕ್ತೀರಿ. ಗುಂಡಿಯಲ್ಲಿ ಹಂಗೆ ಮಾಡಿದರೆ ಆಗಲ್ಲ. ಸಿಪ್ಪೆ, ಅನ್ನ ಎಲ್ಲ ಕೊಳೆತು ಕರಿನೀರು ಬಿಡುತ್ತೆ. ಕೆಳಗೆ ಹಾಳೆ ಹಾಕಿರ್ತೀವಿ, ನಿಜ, ಆದರೆ ಅದರ ಮೇಲೆ ಎಷ್ಟು ಭಾರ ಅಂತ ಹೊರಿಸೋದು? ಹಸಿ ಕಸ ಮೊದಲು ಬೇರೆ ಆಗಬೇಕು."

ದುರ್ಗಕ್ಕ ರಾಶಿಯನ್ನು ನೋಡಿದಳು. ಇಷ್ಟು ವರ್ಷ ತಾನು ಹಾಕಿಕೊಟ್ಟ ಕ್ರಮ ಅದು. ಮಾರಿದರೆ ಬೆಲೆ ಬರುವುದನ್ನು ಎತ್ತಿ, ಉಳಿದದ್ದನ್ನು ಹಿಂದಿನ ಗುಡ್ಡೆಗೆ ಬಿಟ್ಟಿದ್ದಳು. ಕೈ ದಾಟಿದೆ ಎಂದುಕೊಂಡು ದಾಟಿಸಿದ್ದರಲ್ಲಿ ಕೈ ಮುಟ್ಟದ್ದೇ ಬಹಳವಿತ್ತು.

"ಇದು ನಮಗ ಹೊಳೀಲಿಲ್ಲ ನೋಡ್ರಿ," ಎಂದಳು. ಎದ್ದು, ಸಾಲಿನ ಮೊದಲಲ್ಲಿ ಕೂರುತ್ತಿದ್ದ ಅರಿವೆಯವಳನ್ನು ಪಕ್ಕಕ್ಕೆ ಕೂರಿಸಿ, ಹಸಿ ಕಸದ ಬುಟ್ಟಿ ಹಿಡಿದು ಆ ಜಾಗದಲ್ಲಿ ತಾನೇ ಕೂತಳು. ನಾತದ ಜಾಗ ಅದು. ಬೇರೆಯವರನ್ನು ಕೂರು ಎನ್ನುವ ಮುಂಚೆ ತಾನು ಕೂತು ತೋರಿಸುವುದು ಆಕೆಯ ಹಳೆಯ ಪದ್ಧತಿ.

ನಕ್ಷೆಗೆ ಒಪ್ಪಿಗೆ ಕೊಡುವ ಮುಂಚೆ ಹಿರಿಯ ಅಧಿಕಾರಿಗಳು ಗುಂಡಿ ನೋಡಲು ಬರುವುದಿತ್ತು. ಹೊನ್ನೂರುಸ್ವಾಮಿ ಹಿಂದಿನ ದಿನವೇ ಬಕೆಟ್ಟಿನಲ್ಲಿ ಸುಣ್ಣ ಕಲೆಸಿ ತಂದಿಟ್ಟ.

"ಸುಣ್ಣ ಬ್ಯಾಡ ಹೊನ್ನೂರಪ್ಪ," ಎಂದಳು ದುರ್ಗಕ್ಕ.

"ಕಲಸಿಬಿಟ್ಟೀನಲ್ಲಕ್ಕಾ. ಏನು ಮಾಡ್ಲಿ?"

"ನಿನ್ನ ಮನಿ ಗ್ವಾಡಿಗೆ ಹಚ್ಚು," ಎಂದಳು ಹುಲಿಗೆಮ್ಮ. "ಮದಿವಿ ಆದಾಗಿಂದ ಹಚ್ಚಿಲ್ಲಂತ. ನಿನ್ನ ಹೇಣ್ತಿ ಹೇಳ್ತಿದ್ಲು."

ಜೀಪುಗಳು ಬಂದಾಗ ಹೆಂಗಸರು ಕೆಲಸದ ಸೀರೆಯಲ್ಲೇ, ರಾಶಿಯ ನಡುವೆಯೇ ಕೂತಿದ್ದರು. ಯಾರೂ ಎದ್ದು ನಿಲ್ಲಬಾರದೆಂದು ದುರ್ಗಕ್ಕ ಹೇಳಿಟ್ಟಿದ್ದಳು. ಹೇಳುವುದು ಸುಲಭ. ಬೂಟಿನ ಸದ್ದು ಹತ್ತಿರವಾದಾಗ ಎಲ್ಲರಿಗಿಂತ ಮೊದಲು ಆಕೆಯ ಮೊಣಕಾಲೇ ಎದ್ದಿತು. ಕೈಯಿಂದ ಒತ್ತಿ ಕೂರಿಸಿದಳು. ಅರ್ಚಿತಾ ಹೊಸ ನಕ್ಷೆ ಬಿಚ್ಚಿ ವಿವರಿಸುತ್ತಿದ್ದಳು: ಟಿಪ್ಪರು ಮೊದಲ ಬೆಂಚಿನ ಮೇಲೆ ನಿಲ್ಲಬೇಕು, ಅಲ್ಲಿ ಶೆಡ್ಡು, ಆರಿಸಿ ಉಳಿದದ್ದು ಮಾತ್ರ ಕೆಳಕ್ಕೆ.

ಹಿರಿಯ ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದೇ ರಾಶಿಯ ಹತ್ತಿರ ಬಂದ. "ಶೆಡ್ ಅಂದರೆ ಖರ್ಚು. ಇವರು ನಿಜವಾಗಿ ಆರಿಸ್ತಾರೋ?" ಎಂದು ಅರ್ಚಿತಾಳನ್ನು ಕೇಳಿದ. ಅರ್ಚಿತಾ ದುರ್ಗಕ್ಕನ ಕಡೆ ನೋಡಿದಳು. ಅವನೂ ತಿರುಗಿದ. "ಏನಮ್ಮ, ಏನು ಕೆಲಸ ನಿಂದು?"

ನಾಲಿಗೆಯ ತುದಿಯಲ್ಲಿ ಹಳೆಯ ಮಾತು ಬಂದು ಕೂತಿತ್ತು. ದುರ್ಗಕ್ಕ ಅದನ್ನು ನುಂಗಿದಳು.

"ಆರಿಸ್ತೀನ್ರಿ," ಎಂದಳು. "ಈ ಗುಂಡಿ ತೋಡುವಾಗ ಅದಿರು ಆರಿಸಿದ್ವಿ. ಈಗ ತುಂಬುವಾಗ ಕಸಾ ಆರಿಸ್ತೀವಿ. ತೋಡುವಾಗ ಕೈ ದಾಟದ ಕಲ್ಲು ದಂಡಿ ದಾಟಿಲ್ಲ. ತುಂಬುವಾಗಲೂ ಹಂಗ ಇರಬೇಕ್ರಿ. ಇದರಾಗ ಏನು ಬಿತ್ತು ಅಂತ ನಾಳಿ ಯಾರಾದ್ರೂ ಕೇಳಿದ್ರ ಹೇಳೋರು ಬೇಕಲ್ಲ. ನಾವು ಹೇಳ್ತೀವಿ."

ಮಾತಾಡುವಾಗ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ನೋಡುತ್ತಿದ್ದದ್ದು ಆಕೆಯ ಕೈಗಳನ್ನು. ಸಿಪ್ಪೆ ಬುಟ್ಟಿಗೆ, ಕವರು ಪಕ್ಕಕ್ಕೆ, ಗಾಜು ಹಿಂದಕ್ಕೆ. ಮಾತಿಗೂ ಅವಕ್ಕೂ ಸಂಬಂಧವೇ ಇಲ್ಲದಂತೆ ಅವು ನಡೆದಿದ್ದವು. ಮಾತು ಮುಗಿದಾಗ ಆಕೆಯ ಮುಂದಿನ ನೆಲ ಬರಿದಾಗಿತ್ತು. ಅವನು ಕರವಸ್ತ್ರವನ್ನು ಜೇಬಿಗಿಟ್ಟು, ಅರ್ಚಿತಾಳಿಗೆ "ಶೆಡ್ ಇರಲಿ" ಎಂದು ಹೇಳಿ ಗುಂಡಿಯ ಕಡೆ ನಡೆದ.

ಶೆಡ್ಡು ಈಗ ಎದ್ದಿದೆ, ಮೊದಲ ಬೆಂಚಿನ ಮೇಲೆ. ತಗಡಿನ ಸೂರು, ಸಿಮೆಂಟಿನ ನೆಲ, ಒಂದು ನಲ್ಲಿ. ಹಸಿ ಕಸ ಪಕ್ಕದ ಗೊಬ್ಬರದ ತೊಟ್ಟಿಗೆ ಹೋಗುತ್ತದೆ. ಕೆಲಸ ಶುರುವಾದ ದಿನ ಬಂದ ಮೊದಲ ಟಿಪ್ಪರಿನ ಚಾಲಕ ಹೊಸಬ. ಗುಂಡಿ ಕಂಡದ್ದೇ ಗಾಡಿ ಹಿಮ್ಮುಖ ಮಾಡಿ ಸೀದಾ ದಂಡೆಯ ಕಡೆ ಬಿಟ್ಟ. ದುರ್ಗಕ್ಕ ಎದ್ದು ಹೋಗಿ, ಗಣಿಯಲ್ಲಿ ಮದ್ದು ಹಾರಿಸುವ ಮುಂಚೆ ಮೂಕಣ್ಣ ಲಾರಿಗಳನ್ನು ತಡೆಯುತ್ತಿದ್ದ ಹಾಗೆ, ಅಂಗೈ ಎತ್ತಿ ನಿಂತಳು. ಟಿಪ್ಪರು ನಿಂತಿತು.

"ಗುಂಡಿ ಅಲ್ಲೈತಲ್ಲಬೇ," ಎಂದ ಅವನು ತಲೆ ಹೊರಹಾಕಿ.

"ಗುಂಡಿ ಎಲ್ಲಿ ಹೋಗ್ತದಪ್ಪ. ಇಲ್ಲಿ ಸುರುವು."

"ದಾರಿ ಸುಂಕ ಅನ್ಕೋ," ಎಂದಳು ಹುಲಿಗೆಮ್ಮ ಒಳಗಿನಿಂದ. "ಈಕಿ ಕೈಗೆ ಕಟ್ಟದ ಹೊರತು ಮುಂದಕ ಬಿಡಂಗಿಲ್ಲ."

ಅವನು ನಕ್ಕು, ಗಾಡಿ ತಿರುಗಿಸಿ ಶೆಡ್ಡಿನ ನೆಲದ ಮೇಲೆ ಸುರಿದ. ದುರ್ಗಕ್ಕ ರಾಶಿಯ ಮುಂದೆ ಕೂತು, ಯಾವ ಊರಪ್ಪ, ಕಂಪ್ಲಿ ಕಡೆಯವನೇನು, ಮಕ್ಕಳೆಷ್ಟು ಎಂದು ಅವನನ್ನು ವಿಚಾರಿಸುತ್ತಿದ್ದಳು. ಕೈಗಳು ಆಗಲೇ ಕೆಲಸ ಶುರುಮಾಡಿದ್ದವು.